ನಲವತ್ತೇಳರ ಹಾಳೆ

ಭಾನುವಾರ ಬೆಳಿಗ್ಗೆ ಬಂದು ಅಜ್ಜಿಯ ಲೆಕ್ಕದ ಪುಸ್ತಕಗಳನ್ನು ಒಯ್ಯುವುದಾಗಿ ಮೊಮ್ಮಗಳು ಫೋನು ಮಾಡಿದ್ದಳು. ಅವಳು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಅಲ್ಲಿಯ ಹೊಸ ಗಾಜಿನ ಬೀರುವಿನಲ್ಲಿ ಇಪ್ಪತ್ತನಾಲ್ಕು ಪುಸ್ತಕಗಳನ್ನೂ ಸಾಲಾಗಿ ಇಟ್ಟು, ಕೆಳಗೊಂದು ಚೀಟಿ ಅಂಟಿಸುವುದೆಂದು ನಿಶ್ಚಯವಾಗಿತ್ತು. ಚೀಟಿಯ ಮಾತನ್ನು ಅವಳು ನನಗೆ ಓದಿಯೂ ಹೇಳಿದಳು: "ಹದಿಮೂರು ವರ್ಷ, ದಿನಕ್ಕೊಂದು ಭಾಗಾಕಾರ, ಒಂದೂ ತಪ್ಪಿಲ್ಲ."

"ಸರಿ ಅಲ್ವಾ ತಾತ?" ಎಂದಳು.

"ಸರಿ," ಎಂದೆ.

ನನ್ನ ಹೆಂಡತಿ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಕೊನೆಯ ಪುಸ್ತಕವನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಆದರೆ ಅದರ ಕೊನೆಯ ಹಾಳೆಗೆ ನನ್ನ ರುಜು ಬಿದ್ದಿಲ್ಲವೆಂಬುದು ಗೊತ್ತಿತ್ತು. ರುಜು ಇಲ್ಲದ ಹಾಳೆ ಹೊರಗೆ ಹೋಗಬಾರದು. ಅದು ನಾವಿಬ್ಬರೂ ಇಪ್ಪತ್ತೊಂಬತ್ತು ವರ್ಷ ದುಡಿದ ಕೋಣೆಯ ಕಟ್ಟಳೆ.

ಆ ಕೋಣೆ ಬಂದರಿನ ಕಚೇರಿಯ ಮೇಲಂತಸ್ತಿನಲ್ಲಿತ್ತು. ಹದಿನಾರು ಮೇಜು, ಹದಿನಾರು ಕೈತಿರುವಿನ ಲೆಕ್ಕದ ಯಂತ್ರ, ಗೋಡೆಗೆ ಒಂದು ಗಡಿಯಾರ. ಮುಂದಿನ ವರ್ಷ ಯಾವ ದಿನ ಯಾವ ಗಳಿಗೆಗೆ ಸಮುದ್ರದ ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬ ಪಟ್ಟಿಯನ್ನು ಅಲ್ಲಿ ತಯಾರಿಸುತ್ತಿದ್ದೆವು. ಒಂದು ಅಂಕಿ ತಪ್ಪಿದರೆ ಎಲ್ಲೋ ಒಂದು ಹಡಗಿನ ತಳ ಮರಳಿಗೆ ತಾಗುತ್ತದೆ. ಆದ್ದರಿಂದ ಒಂದೊಂದು ಹಾಳೆಗೂ ಇಬ್ಬರು. ಪರಿಶೀಲಕನಾದವನು ಹಾಳೆಯ ಮೇಲ್ತುದಿಯಲ್ಲಿ ಕೊಟ್ಟ ಸಂಖ್ಯೆಯನ್ನು ಬರೆಯಬೇಕು. ಅದಕ್ಕೆ ತಲೆಸಾಲು ಎಂದು ಹೆಸರು. ಲೆಕ್ಕ ಮಾಡುವವರು ಆ ತಲೆಸಾಲನ್ನು ಪ್ರಶ್ನೆ ಮಾಡದೆ ಲೆಕ್ಕ ಮುಗಿಸಿ, ರುಜು ಹಾಕಿ, ಹಾಳೆಯನ್ನು ಪರಿಶೀಲಕನಿಗೆ ಹಿಂದಕ್ಕೆ ಕೊಡಬೇಕು. ತಮ್ಮ ಲೆಕ್ಕವನ್ನು ತಾವೇ ತಿದ್ದುವಂತಿಲ್ಲ, ತಲೆಸಾಲು ತಪ್ಪೆಂದು ಕಂಡರೂ ಕೈ ಹಾಕುವಂತಿಲ್ಲ. ಇಬ್ಬರೂ ತಿದ್ದಲು ಹೊರಟರೆ ತಪ್ಪು ಯಾರದೆಂದು ದೇವರಿಗೂ ತಿಳಿಯದು ಎಂದು ನಮ್ಮ ಮೇಲಧಿಕಾರಿಗಳು ಹೇಳುತ್ತಿದ್ದರು.

ನಾನು ಪರಿಶೀಲಕ. ಅವಳು ಲೆಕ್ಕ ಮಾಡುವವಳು. ನಮ್ಮ ಪರಿಚಯವಾದದ್ದೇ ನಾನು ಅವಳ ಹಾಳೆಗಳಲ್ಲಿ ತಪ್ಪು ಹುಡುಕಲು ಹೋಗಿ ಸೋತದ್ದರಿಂದ. ಹೊಸಬಳು, ಹೇಗೂ ಒಂದಾದರೂ ಸಿಗುತ್ತದೆ ಎಂದು ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಮೂರು ತಿಂಗಳು ಕಾದೆ. ಸಿಗಲಿಲ್ಲ. ನಾಲ್ಕನೆಯ ತಿಂಗಳು ಮದುವೆಯ ಮಾತೆತ್ತಿದೆ. ಕೋಣೆಯಲ್ಲಿ ಅವಳಿಗೆ ತಕ್ಕಡಿಯಮ್ಮ ಎಂದು ಹೆಸರು ಬಿದ್ದಿತ್ತು. ಎರಡು ಕಡೆಯೂ ಸಮ ತೂಗದೆ ಅವಳ ಹಾಳೆ ಮೇಜು ಬಿಡುತ್ತಿರಲಿಲ್ಲ. ನಿವೃತ್ತಿಯಾಗುವ ದಿನದವರೆಗೆ ಅವಳ ಒಂದು ಹಾಳೆಯೂ ತಪ್ಪೆಂದು ಹಿಂದಕ್ಕೆ ಬರಲಿಲ್ಲ. ಅವಳಿಗೆ ಒಡವೆ ವಸ್ತ್ರದ ಆಸೆ ಇರಲಿಲ್ಲ. ಇದೊಂದು ಹೆಸರು ಅವಳಿಗೆ ಬೇಕಾಗಿತ್ತು.

ನಿವೃತ್ತಿಯಾದ ವಾರವೇ ಅವಳು ಹೇಳಿದಳು: "ರೀ, ಇಷ್ಟು ವರ್ಷ ಮಾಡಿದ ಲೆಕ್ಕವೆಲ್ಲ ವರ್ಷ ತುಂಬಿದ ಮೇಲೆ ರದ್ದಿಗೆ ಹೋಯ್ತು. ಹಳೇ ಪಟ್ಟಿ ಯಾರಿಗೆ ಬೇಕು? ಸಾಯೋದ್ರೊಳಗೆ ಹಳಸದೇ ಇರೋ ಲೆಕ್ಕ ಒಂದು ಮಾಡ್ಬೇಕು ನಾನು."

ಅವಳು ಆರಿಸಿಕೊಂಡದ್ದು ಒಂದು ಅವಿಭಾಜ್ಯ ಸಂಖ್ಯೆಯನ್ನು. ಎರಡನ್ನು ಇಮ್ಮಡಿಸುತ್ತ ಹೋಗಬೇಕು: ಎರಡು, ನಾಲ್ಕು, ಎಂಟು, ಹದಿನಾರು. ಹೀಗೆ ಮೂವತ್ತೊಂದನೆಯ ಹೆಜ್ಜೆಗೆ ಬಂದು ಅದರಿಂದ ಒಂದು ಕಳೆಯಬೇಕು. ಸಿಗುವುದು ೨೧೪೭೪೮೩೬೪೭. ಇನ್ನೂರ ಹದಿನಾಲ್ಕು ಕೋಟಿಗೂ ಮೇಲಿನ ಈ ಸಂಖ್ಯೆ ಒಂದರಿಂದ ಮತ್ತು ತನ್ನಿಂದ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗ ಹೋಗುವುದಿಲ್ಲ. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಒಬ್ಬ ಪಂಡಿತ, ಕಣ್ಣಿನ ಬೆಳಕು ಬಹುಪಾಲು ಹೋಗಿದ್ದ ಕಾಲದಲ್ಲಿ, ಇದನ್ನು ಸಾಧಿಸಿ ತೋರಿಸಿದನಂತೆ. ಆಮೇಲೆ ಬಹಳ ಕಾಲ ಮನುಷ್ಯರಿಗೆ ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ಇದೇ ದೊಡ್ಡದು. ಇದನ್ನು ಮತ್ತೆ ಮೂವತ್ತು ಸಲ ಇಮ್ಮಡಿಸಿದರೆ ಇನ್ನೊಂದು ಸೋಜಿಗ: ಆಗ ಬರುವ ಸಂಖ್ಯೆಯನ್ನು ಯಾವ ಯಾವ ಚಿಕ್ಕ ಸಂಖ್ಯೆಗಳು ಭಾಗಿಸುತ್ತವೆಯೋ ಅವನ್ನೆಲ್ಲ ಕೂಡಿದರೆ ಸರಿಯಾಗಿ ಅದೇ ಸಂಖ್ಯೆ ಮರಳಿ ಬರುತ್ತದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥದನ್ನು ಕೇಳಿದಾಗ ನಾನು ಕೈ ಮುಗಿಯುತ್ತಿದ್ದೆ. ಅವಳು ಪೆನ್ನು ತೆಗೆಯುತ್ತಿದ್ದಳು. ನಮ್ಮಿಬ್ಬರ ಭಕ್ತಿಗೂ ಅಷ್ಟೇ ವ್ಯತ್ಯಾಸ.

ಸಾಧಿಸುವ ದಾರಿ ಸರಳ, ಆದರೆ ಉದ್ದ. ಒಂದು ಸಂಖ್ಯೆ ಒಡೆಯುವುದಾದರೆ ಎರಡು ತುಂಡಾಗಬೇಕು. ಈ ಸಂಖ್ಯೆಯ ಮಟ್ಟಿಗೆ ಎರಡರಲ್ಲಿ ಚಿಕ್ಕ ತುಂಡು ನಲವತ್ತಾರು ಸಾವಿರದ ಮುನ್ನೂರ ನಲವತ್ತನ್ನು ಮೀರಲಾರದು. ಅಲ್ಲಿಯವರೆಗಿನ ಅವಿಭಾಜ್ಯಗಳು ನಾಲ್ಕು ಸಾವಿರದ ಏಳುನೂರ ತೊಂಬತ್ತೆರಡು. ಒಂದೊಂದರಿಂದಲೂ ಭಾಗಿಸಿ, ಪ್ರತಿ ಸಲವೂ ಏನಾದರೂ ಶೇಷ ಉಳಿಯುವುದನ್ನು ಕಂಡರೆ ಕೆಲಸ ಮುಗಿಯಿತು. ದಿನಕ್ಕೊಂದು ಹಾಳೆ, ಒಂದು ಭಾಗಾಕಾರ.

ಮೊಮ್ಮಗಳು ಆಗ ಇನ್ನೂ ಓದುತ್ತಿದ್ದಳು. "ಅಜ್ಜಿ, ಅಷ್ಟೊಂದು ಯಾಕೆ? ಈ ಸಂಖ್ಯೆಗೆ ಒಂದು ಗುಣ ಇದೆ. ಅದನ್ನ ಹಿಡಿದ್ರೆ ನೂರಕ್ಕಿಂತ ಕಡಿಮೆ ಭಾಗಾಕಾರ ಸಾಕು," ಎಂದಳು.

"ಬಾಗಿಲು ತಟ್ಟದೇ ಮನೇಲಿ ಯಾರೂ ಇಲ್ಲ ಅನ್ನಬಾರದು ಕಣೇ," ಎಂದಳು ನನ್ನ ಹೆಂಡತಿ. "ನಾನು ಎಲ್ಲಾ ಬಾಗಿಲೂ ತಟ್ಟೋಳು."

ಅದೂ ಎಲ್ಲರಂತೆ ಎರಡು, ಮೂರು ಎಂದು ಕೆಳಗಿನಿಂದ ಹತ್ತಲಿಲ್ಲ. ನಲವತ್ತಾರು ಸಾವಿರದ ಮುನ್ನೂರ ಮೂವತ್ತೇಳರಿಂದ ಆರಂಭಿಸಿ ಕೆಳಕ್ಕೆ ಇಳಿದಳು. ಕಣ್ಣು ಕೈ ಗಟ್ಟಿಯಾಗಿರುವಾಗ ದೊಡ್ಡ ಭಾಜಕಗಳು ಮುಗಿಯಲಿ, ಕೈ ನಡುಗುವ ಹೊತ್ತಿಗೆ ಚಿಕ್ಕವು ಬರಲಿ ಎಂಬುದು ಅವಳ ಲೆಕ್ಕಾಚಾರ. ನನ್ನ ನಾದಿನಿ, ಅಂದರೆ ಅವಳ ತಂಗಿ, ಇದನ್ನು ಕೇಳಿ ನಕ್ಕು ನಕ್ಕು ಸುಸ್ತಾಗಿದ್ದಳು: "ಎರಡರಿಂದ ಭಾಗ ಹೋಗುತ್ತೋ ಇಲ್ವೋ ಅಂತ ತಿಳಿಯೋಕೆ ಹದಿಮೂರು ವರ್ಷ ಕಾಯ್ಬೇಕಾ ಅಕ್ಕ? ಕೊನೇ ಅಂಕಿ ಏಳು ಅಂತ ನನಗೇ ಕಾಣ್ತಿದೆಯಲ್ಲ!"

ಸಂಜೆ ನಾನು ಮಾರನೆಯ ದಿನದ ಹಾಳೆಗೆ ಗೆರೆ ಎಳೆದು, ತಲೆಸಾಲು ಬರೆದು, ಭಾಜಕವನ್ನು ಪಕ್ಕಕ್ಕೆ ಬರೆದಿಡುತ್ತಿದ್ದೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅವಳು ಕಿಟಕಿಯ ಮೇಜಿಗೆ ಕೂರುತ್ತಿದ್ದಳು. ಮುಗಿದ ಹಾಳೆಯನ್ನು ನಾನು ಕೆಂಪು ಪೆನ್ಸಿಲ್‌ನಿಂದ ತಾಳೆ ನೋಡಿ ರುಜು ಹಾಕುತ್ತಿದ್ದೆ. ನಲವತ್ತೇಳನ್ನು ಭಾಗಿಸಿದ ದಿನ ಮಧ್ಯಾಹ್ನವೇ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹನ್ನೊಂದು ದಿನಕ್ಕೆ ಭಗವಂತ ಕರೆದುಕೊಂಡ. ಆಗ ಬಾಕಿ ಇದ್ದದ್ದು ಹದಿನಾಲ್ಕೇ ಹಾಳೆ.

ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ನಾನು ಇಪ್ಪತ್ತನಾಲ್ಕನೆಯ ಪುಸ್ತಕವನ್ನು ಕಿಟಕಿಯ ಮೇಜಿನ ಮೇಲೆ ತೆರೆದೆ. ಅವಳ ಅಂಕಿಗಳು ಎಂದಿನಂತೆ ಗೆರೆಗೆ ಗೆರೆ ನಿಂತಿದ್ದವು. ನಾನು ಮೊದಲು ನೋಡುವುದು ಶೇಷವನ್ನು. ಕೊನೆಯ ಸಾಲಿನಲ್ಲಿ ನಲವತ್ತೇಳರ ಕೆಳಗೆ ನಲವತ್ತೇಳು, ಅದರ ಕೆಳಗೆ ಸೊನ್ನೆ.

ಸೊನ್ನೆ ಎಂದರೆ ನಿಶ್ಶೇಷ. ಅಂದರೆ ಅವಿಭಾಜ್ಯವೆಂದು ಲೋಕವೆಲ್ಲ ಒಪ್ಪಿದ ಸಂಖ್ಯೆ ನಲವತ್ತೇಳರಿಂದ ಭಾಗ ಹೋಯಿತು ಎಂದು ನನ್ನ ಹೆಂಡತಿ ಬರೆದು ಕೆಳಗೆ ರುಜು ಹಾಕಿದ್ದಳು.

ಲೋಕ ತಪ್ಪಿರಲಾರದು. ಹಾಗಾದರೆ ಅವಳು ತಪ್ಪಿದ್ದಾಳೆ. ಜೀವಮಾನದ ಕೊನೆಯ ಹಾಳೆಯಲ್ಲಿ, ಮಕ್ಕಳೂ ಮಾಡಬಲ್ಲ ಒಂದು ಭಾಗಾಕಾರದಲ್ಲಿ. ಕೆಂಪು ಪೆನ್ಸಿಲ್ ಹಿಡಿದು ಮೇಲಿನಿಂದ ತಾಳೆ ನೋಡುತ್ತ ಬಂದೆ. ಗುಣಾಕಾರ ಸರಿ. ಕಳೆಯುವುದು ಸರಿ. ಇಳಿಸಿಕೊಂಡ ಅಂಕಿಗಳು ಸರಿ. ನಮ್ಮ ಕೋಣೆಯಲ್ಲಿ ಕೊನೆಗೆ ಒಂಬತ್ತರ ತಾಳೆ ಎಂದು ಒಂದಿತ್ತು: ಅಂಕಿಗಳನ್ನು ಕೂಡಿ ಕೂಡಿ ಒಂದೇ ಅಂಕಿಗೆ ಇಳಿಸಿ ನೋಡುವುದು. ಈ ತಲೆಸಾಲಿನದು ಒಂದು ಎಂದು ನನಗೆ ಹದಿಮೂರು ವರ್ಷದಿಂದ ಬಾಯಿಪಾಠ. ಭಾಜಕದ್ದು ಎರಡು, ಭಾಗಲಬ್ಧದ್ದು ಐದು. ಎರಡೈದಲ ಹತ್ತು, ಹತ್ತೆಂದರೆ ಒಂದು. ಅದೂ ಸರಿ.

ಹನ್ನೊಂದು ಸಲ ನೋಡಿದೆ. ತಪ್ಪಿಲ್ಲದ ಲೆಕ್ಕ, ತಪ್ಪಾದ ಉತ್ತರ. ನನ್ನ ಕಣ್ಣೇ ಮಂಜಾಗಿದೆ, ಅವಳ ತಪ್ಪನ್ನು ಹಿಡಿಯುವ ಯೋಗ್ಯತೆಯೂ ನನಗೆ ಉಳಿದಿಲ್ಲ ಎಂದುಕೊಂಡೆ.

ಹತ್ತು ಗಂಟೆಗೆ ನಾದಿನಿ ಬಂದಳು. ಅವಳು ದರ್ಜಿ. ನಮ್ಮ ಬೀದಿಯ ತಿರುವಿನಲ್ಲೇ ಅವಳ ಹೊಲಿಗೆ ಅಂಗಡಿ. ಅಕ್ಕ ಹೋದ ಮೇಲೆ ಅಂಗಡಿ ತೆರೆಯುವ ಮೊದಲು ನನ್ನನ್ನು ನೋಡಿಕೊಂಡು ಹೋಗುವುದು ಅವಳ ಪದ್ಧತಿಯಾಗಿತ್ತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಒಳಗೆ ಬಂದಳು.

"ಏನ್ ಭಾವ, ಚಹಾ ಹೀಗೆ ಆರಿ ಐಸಾಗಿದೆ. ಕುಡಿಯೋಕೆ ಮಾಡಿದ್ರೋ, ನೋಡೋಕೆ ಮಾಡಿದ್ರೋ?"

ನಾನು ಹಾಳೆಯ ಸಂಗತಿ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಒಂದು ಹಾಳೆ ತಾನೇ," ಎಂದಳು. "ಹಿಂದಿನ ಹಾಳೆಗೆ ಗೋಂದು ಹಚ್ಚಿ ಅಂಟಿಸಿಬಿಡಿ. ಗಾಜಿನ ಬೀರುವಿನಲ್ಲಿ ಇಟ್ಟ ಪುಸ್ತಕ ಯಾರು ಬಿಚ್ಚಿ ನೋಡ್ತಾರೆ?"

"ಅವಳು ನೋಡ್ತಾಳೆ."

"ಅಕ್ಕ ಮೇಲಿಂದ ನೋಡಿದ್ರೆ ನನ್ನನ್ನೇ ಬೈತಾಳೆ, ನಿಮ್ಮನ್ನಲ್ಲ. ನಾನೇ ಅಂಟಿಸ್ತೀನಿ, ಕೊಡಿ."

"ಬೇಡ. ಹಾಳೆ ಮುಚ್ಚಿದ ಪರಿಶೀಲಕ ಅಂತ ನಾನು ದೇವರ ಮುಂದೆ ನಿಲ್ಲೋಕಾಗಲ್ಲ."

"ನೀವು ಅಕ್ಕ ಇಬ್ಬರೂ ಒಂದೇ ಬಟ್ಟೇಲಿ ಕತ್ತರಿಸಿದ ಜನ," ಎಂದು ಅವಳು ಎದ್ದಳು. "ಚಹಾ ಬಿಸಿ ಮಾಡ್ತೀನಿ. ಅದನ್ನಾದ್ರೂ ಪರಿಶೀಲನೆ ಮಾಡದೆ ಕುಡೀರಿ."

ಆ ದಿನವೆಲ್ಲ ನನ್ನನ್ನು ಕೊರೆದದ್ದು ಚೀಟಿಯ ಮಾತಲ್ಲ. ಸೊನ್ನೆ ಬರೆದ ಆ ಬೆಳಿಗ್ಗೆ ಅವಳ ಮನಸ್ಸು ಹೇಗಿತ್ತೋ ಎಂಬುದು. ಹದಿಮೂರು ವರ್ಷ ಇಳಿದು ಬಂದ ಮೆಟ್ಟಿಲು ಇನ್ನು ಹದಿನಾಲ್ಕು ಬಾಕಿ ಇರುವಾಗ ಕುಸಿದುಬಿದ್ದರೆ ಹೇಗಾಗಬೇಡ? ಹಾಳೆಯನ್ನು ನನಗೆ ಕೊಡುವಾಗ ಅವಳು, "ಇವತ್ತಿಂದು ನಿಧಾನವಾಗಿ ನೋಡಿ," ಎಂದಿದ್ದಳು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಅದನ್ನು ಬೀರುವಿನಲ್ಲಿಟ್ಟೆ. ಅಂದೇ ನೋಡಿದ್ದರೆ ಅವಳ ತಪ್ಪನ್ನು ಅವಳಿಗೆ ತೋರಿಸಬಹುದಾಗಿತ್ತು. ತಪ್ಪು ಸಿಕ್ಕಿತೆಂದು ಅವಳು ಸಂತೋಷದಿಂದಲೇ ಹೋಗುತ್ತಿದ್ದಳು.

ಭಾನುವಾರ ಮೊಮ್ಮಗಳು ಎರಡು ಖಾಲಿ ಪೆಟ್ಟಿಗೆ ಹಿಡಿದು ಬಂದಳು. ನಾದಿನಿಯೂ ಬೇಗನೆ ಬಂದು ಕೂತಿದ್ದಳು. ನಾನು ಏನನ್ನೂ ಮುಚ್ಚದೆ ಹಾಳೆಯನ್ನು ಮೊಮ್ಮಗಳ ಮುಂದೆ ಇಟ್ಟೆ.

ಅವಳು ಸೊನ್ನೆಯನ್ನು ನೋಡಿದಳು. ನನ್ನ ಮುಖ ನೋಡಿದಳು. "ಇದು ಆಗೋಕೇ ಸಾಧ್ಯವಿಲ್ಲ ತಾತ," ಎಂದಳು.

"ಎಲ್ಲರೂ ಹೇಳಿದ್ದಾರೆ ಅಂತಲಾ?"

"ಹಾಗಲ್ಲ. ನಲವತ್ತೇಳು ಈ ಸಂಖ್ಯೆ ಹತ್ತಿರಕ್ಕೇ ಬರೋ ಹಾಗಿಲ್ಲ." ಅವಳು ಒಂದು ಖಾಲಿ ಕಾಗದ ತೆಗೆದುಕೊಂಡಳು. "ಎರಡನ್ನ ಇಮ್ಮಡಿಸ್ತಾ ಹೋಗಿ, ಪ್ರತಿ ಹೆಜ್ಜೇಲೂ ಒಂದು ಕಳೆದು, ನಲವತ್ತೇಳರಿಂದ ಭಾಗಿಸಿ ನೋಡಿ. ಮೊದಲ ಸಲ ಭಾಗ ಹೋಗೋದು ಇಪ್ಪತ್ತಮೂರನೇ ಹೆಜ್ಜೇಲಿ. ಆಮೇಲೆ ನಲವತ್ತಾರು, ಆಮೇಲೆ ಅರವತ್ತೊಂಬತ್ತು. ಗಡಿಯಾರದ ಮುಳ್ಳು ಇದ್ದ ಹಾಗೆ, ಇಪ್ಪತ್ತಮೂರಕ್ಕೊಂದು ಸಲ. ಮಧ್ಯದಲ್ಲಿ ಎಲ್ಲೂ ಇಲ್ಲ. ನಮ್ಮ ಸಂಖ್ಯೆ ಇರೋದು ಮೂವತ್ತೊಂದನೇ ಹೆಜ್ಜೇಲಿ."

"ಅಂದ್ರೆ ಒಂದೊಂದು ಸಂಖ್ಯೆಗೂ ಅದರದೇ ನಡಿಗೆ ಇದೆಯಾ?" ಎಂದಳು ನಾದಿನಿ.

"ಇದೆ ಚಿಕ್ಕಜ್ಜಿ. ಏಳಕ್ಕೆ ಮೂರು ಹೆಜ್ಜೆ, ಮೂವತ್ತೊಂದಕ್ಕೆ ಐದು ಹೆಜ್ಜೆ. ಮೂವತ್ತೊಂದನೇ ಹೆಜ್ಜೆಗೆ ಸರಿಯಾಗಿ ಕಾಲಿಡೋ ಸಂಖ್ಯೆ ಬೇಕಂದ್ರೆ ಅದು ಅರವತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯೋ ಅಂಥದ್ದೇ ಆಗಿರ್ಬೇಕು. ಅಂಥ ಅವಿಭಾಜ್ಯ ಮುನ್ನೂರ ಹನ್ನೊಂದಕ್ಕಿಂತ ಕೆಳಗೆ ಒಂದೂ ಇಲ್ಲ. ಅದಕ್ಕೇ ಅವತ್ತು ಅಜ್ಜಿಗೆ ಹೇಳಿದ್ದು."

ಹದಿಮೂರು ವರ್ಷ ನನ್ನ ಕೈಯಾರೆ ಬರೆದ ಸಂಖ್ಯೆ. ಅದರ ಬಾಗಿಲಲ್ಲಿ ಇಂಥ ಕಾವಲಿದೆಯೆಂದು ನನಗೆ ತಿಳಿದಿರಲಿಲ್ಲ. ಸಾವಿರಾರು ಸಂಖ್ಯೆಗಳು ಒಂದೊಂದೂ ತನ್ನ ತನ್ನ ಹೆಜ್ಜೆಯಲ್ಲಿ ನಡೆಯುತ್ತಿರುವುದನ್ನೂ, ಆ ಒಂದು ಮೆಟ್ಟಿಲನ್ನು ಎಲ್ಲವೂ ದಾಟಿಯೋ ಮುಟ್ಟದೆಯೋ ಹೋಗುವುದನ್ನೂ ಕಣ್ಣಿಗೆ ತಂದುಕೊಂಡೆ. ಇದನ್ನು ಯಾರೂ ಕಟ್ಟಿ ನಿಲ್ಲಿಸಿದ್ದಲ್ಲ. ಎಂದೂ ಕೆಡುವುದೂ ಇಲ್ಲ. ದುಃಖದ ನಡುವೆಯೂ ನನ್ನ ಕೈಗಳು ತಾವಾಗಿ ಕೂಡಿಕೊಂಡವು.

"ಹಾಗಾದ್ರೆ ತಪ್ಪು ಇದ್ದೇ ಇದೆ," ಎಂದೆ. "ನನಗೆ ಸಿಗ್ತಿಲ್ಲ, ಅಷ್ಟೆ."

"ಸಂಖ್ಯೆ ಹೇಳಿ, ಫೋನಿನಲ್ಲಿ ಭಾಗಿಸಿ ನೋಡೋಣ. ಎಲ್ಲಿಂದ ಬೇರೆ ಆಗುತ್ತೆ ಅಂತ ಗೊತ್ತಾಗುತ್ತೆ."

ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಅವಳು ಒತ್ತಿದಳು. "ಪೂರ್ತಿ ಹೋಗಲ್ಲ. ಇಪ್ಪತ್ತು ಉಳಿಯುತ್ತೆ," ಎಂದಳು. ಆಮೇಲೆ ಅಜ್ಜಿಯ ಭಾಗಲಬ್ಧದ ಮೇಲೆ ಬೆರಳಿಟ್ಟು ಹೋಲಿಸಿದಳು. "ನಾಲ್ಕು, ಐದು, ಆರು, ಒಂಬತ್ತು... ಇಲ್ಲೀವರೆಗೆ ಒಂದೇ. ಇಲ್ಲಿಂದ ಬೇರೆ. ಆದ್ರೆ ಅಜ್ಜಿ ಕಳೆದಿರೋದೆಲ್ಲ ಸರಿಯಾಗೇ ಇದೆಯಲ್ಲ ತಾತ!"

"ಅದೇ ನಾನೂ ಹೇಳ್ತಿರೋದು."

ಇಬ್ಬರೂ ಹಾಳೆಯ ಮೇಲೆ ಬಗ್ಗಿದೆವು. ಅವಳೂ ಹದಿಮೂರು ವರ್ಷದಿಂದ ಕೇಳಿಕೊಂಡು ಬಂದ ಸಂಖ್ಯೆ ಅದು. ಅವಳ ಕಣ್ಣೂ ನನ್ನ ಕಣ್ಣಿನಂತೆ ತಲೆಸಾಲಿನ ಮೇಲೆ ಜಾರಿ ಕೆಳಗಿಳಿಯುತ್ತಿತ್ತು.

ನಾದಿನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. "ಸರೀರಿ ಆ ಕಡೆ. ದಿನಾ ಅಂಗಡೀಲಿ ಅಳತೆ ಕೂಗೋಳು ನಾನು, ನಾನು ಕೂಗ್ತೀನಿ, ನೀನು ಒತ್ತು," ಎಂದು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಎದೆ, ಸೊಂಟ, ತೋಳು ಎಂದು ಕೂಗುವ ದನಿಯಲ್ಲೇ ಒಂದೊಂದಾಗಿ ಓದಿದಳು: "ಎರಡು. ಒಂದು. ನಾಲ್ಕು. ಏಳು. ಎಂಟು. ನಾಲ್ಕು. ಮೂರು. ಆರು. ನಾಲ್ಕು. ಏಳು. ಆಯ್ತಾ? ಭಾಗಿಸು."

ಮೊಮ್ಮಗಳು ಭಾಗಿಸಿದಳು. ಅವಳ ಬೆರಳು ಹಾಗೇ ನಿಂತಿತು.

"ತಾತ... ಪೂರ್ತಿ ಹೋಯ್ತು. ಅಜ್ಜಿ ಬರೆದ ಉತ್ತರವೇ ಬಂತು."

"ಅದು ಹೇಗಾಗುತ್ತೆ?"

"ಚಿಕ್ಕಜ್ಜಿ, ಇನ್ನೊಂದ್ಸಲ ಓದು."

"ಎರಡು, ಒಂದು, ನಾಲ್ಕು, ಏಳು, ಎಂಟು, ನಾಲ್ಕು..."

"ನಾಲ್ಕು, ಎಂಟು," ಎಂದು ತಿದ್ದಿದೆ ನಾನು.

"ಎಂಟು, ನಾಲ್ಕು ಅಂತಲೇ ಬರೆದಿದೆ ಭಾವ. ನನ್ನ ಕಣ್ಣಿಗೇನೂ ಆಗಿಲ್ಲ, ಇವತ್ತಿಗೂ ಸೂಜಿಗೆ ನಾನೇ ದಾರ ಪೋಣಿಸ್ತೀನಿ."

ನಾನು ಹಾಳೆಯನ್ನು ಹತ್ತಿರಕ್ಕೆ ತಂದೆ. ಅಂಕಿಯ ಮೇಲೆ ಉಗುರಿಟ್ಟು ಎಣಿಸಿದೆ. ಏಳರ ಮುಂದೆ ಎಂಟು, ಎಂಟರ ಮುಂದೆ ನಾಲ್ಕು. ೨೧೪೭೮೪೩೬೪೭. ಬರಹ ನನ್ನದು.

ಸಂಖ್ಯೆಯನ್ನು ಅರಿಯದ ಒಬ್ಬಳಿಗೆ ಬರೆದದ್ದು ಕಂಡಿತು. ಅರಿತ ನಮ್ಮಿಬ್ಬರಿಗೆ ಮನಸ್ಸಿನಲ್ಲಿದ್ದದ್ದೇ ಕಂಡಿತ್ತು. ಮೊಮ್ಮಗಳು ಒಂದರಿಂದ ಇನ್ನೊಂದನ್ನು ಕಳೆದಳು. ವ್ಯತ್ಯಾಸ ಮೂರು ಲಕ್ಷದ ಅರವತ್ತು ಸಾವಿರ. "ಇದು ಒಂಬತ್ತರಿಂದ ಭಾಗ ಹೋಗುತ್ತೆ. ಅಕ್ಕಪಕ್ಕದ ಅಂಕಿ ಅದಲುಬದಲಾದ್ರೆ ಯಾವಾಗ್ಲೂ ಹೀಗೇ. ಒಂಬತ್ತರ ತಾಳೆಗೆ ಈ ಥರದ ತಪ್ಪು ಮಾತ್ರ ಕಾಣೋದೇ ಇಲ್ಲ ತಾತ." ಅವಳ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ಅಜ್ಜಿ ತಪ್ಪು ಮಾಡಿಲ್ಲ. ಕೊಟ್ಟ ಸಂಖ್ಯೆಗೆ ಉತ್ತರ ಸೊನ್ನೆಯೇ."

ತಪ್ಪು ನನ್ನದೆಂದು ತಿಳಿದು ನಾನು ಜನ್ಮದಲ್ಲಿ ಅಷ್ಟು ಸಂತೋಷಪಟ್ಟದ್ದಿಲ್ಲ. ಅವಳ ಹೆಸರು ಉಳಿಯಿತು. ನಾಲ್ಕು ಸಾವಿರದ ಏಳುನೂರ ಎಪ್ಪತ್ತೆಂಟು ಹಾಳೆ, ಒಂದೂ ತಪ್ಪಿಲ್ಲ. ನಾನು ಜೋರಾಗಿ ನಕ್ಕೆ; ನಗುತ್ತ ನಗುತ್ತ ಅಳು ಬಂತು.

ನಾದಿನಿ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಅಷ್ಟು ವರ್ಷ ತಪ್ಪದ ಕೈ ಅವತ್ತು ಯಾಕೆ ತಪ್ಪಿತು ಭಾವ?"

ತಲೆಸಾಲು ಬರೆದ ತಾರೀಖು ಮೂಲೆಯಲ್ಲಿ ಇತ್ತು. ಅದನ್ನು ನೋಡುವ ಅಗತ್ಯ ನನಗಿರಲಿಲ್ಲ. ಅದು ಆಸ್ಪತ್ರೆಗೆ ಸೇರಿಸಿದ್ದರ ಹಿಂದಿನ ದಿನ; ಅಂದು ಮಧ್ಯಾಹ್ನ ನಾನೊಬ್ಬನೇ ಹೋಗಿ ಅವಳ ಪರೀಕ್ಷೆಯ ವರದಿ ತಂದಿದ್ದೆ. ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿದ್ದರು. ಮನೆಗೆ ಬಂದು, "ಏನೂ ಇಲ್ಲವಂತೆ, ಸುಸ್ತು ಅಷ್ಟೆ," ಎಂದೆ. ಮುಖ ತೋರಿಸಲಾರದೆ ಹಾಳೆಗೆ ಗೆರೆ ಎಳೆಯಲು ಕೂತೆ. ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಇವರಿಬ್ಬರಿಗೆ ಹೇಳಿದೆ. "ಸುಳ್ಳು ಹೇಳಿದ ಕೈಯಲ್ಲೇ ಬರೆದೆ. ಅವಳು ಆ ಸೊನ್ನೆ ನೋಡಿ, ತನ್ನ ಹದಿಮೂರು ವರ್ಷ ಹಾಳಾಯ್ತು ಅಂದ್ಕೊಂಡು ಹೋದ್ಲು."

"ಅಕ್ಕನಾ?" ನಾದಿನಿ ಟೇಪನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಭಾವ, ನಾನು ಓದು ಬರಹ ಕಮ್ಮಿ ಇರೋಳು, ನನಗೇ ಕಂಡಿತು. ಅಕ್ಕ ಆ ಸಾಲಿಂದ ಒಂದೊಂದೇ ಅಂಕಿ ಇಳಿಸ್ಕೊಂಡು ಬಂದೋಳು. ಅವಳಿಗೆ ಕಾಣಲಿಲ್ಲ ಅಂತೀರಾ?"

"ಕಂಡಿದ್ದರೆ ಹೇಳ್ತಿದ್ಲು."

"ಹೇಳೋ ಹಾಗಿಲ್ಲ ಅಂತ ನಿಮ್ಮದೇ ಕಟ್ಟಳೆ ಅಲ್ವಾ? ಕೊಟ್ಟಿದ್ದನ್ನ ಮಾಡಿ ಹಿಂದಕ್ಕೆ ಕೊಟ್ಲು, ನಿಧಾನವಾಗಿ ನೋಡಿ ಅಂದ್ಲು. ಇನ್ನೇನು ಹೇಳ್ಬೇಕು?" ಅವಳ ದನಿ ತಗ್ಗಿತು. "ಅಷ್ಟು ಸಾವಿರ ಸಲ ಸರಿಯಾಗಿ ಬರೆದ ಗಂಡ ಒಂದು ದಿನ ತಪ್ಪು ಬರೆದ್ರೆ, ಹೆಂಡತಿ ಆದೋಳು ಸಂಖ್ಯೆ ನೋಡ್ತಾಳಾ, ಗಂಡನ್ನ ನೋಡ್ತಾಳಾ?"

ಆಸ್ಪತ್ರೆಯಲ್ಲಿ ಕಳೆದ ಹನ್ನೊಂದು ದಿನಗಳಲ್ಲಿ ಅವಳು ಒಮ್ಮೆಯೂ ವರದಿಯ ವಿಷಯ ಕೇಳಲಿಲ್ಲ. ಪ್ರತಿಯೊಂದನ್ನೂ ತೂಗಿ ನೋಡದೆ ಬಿಡದವಳು ಅದೊಂದನ್ನು ಕೇಳಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಯಾವ ಬಟ್ಟೆ ಯಾರಿಗೆ ಕೊಡಬೇಕು, ನನ್ನ ಮಾತ್ರೆಗಳನ್ನು ಯಾವ ಡಬ್ಬಿಯಲ್ಲಿಟ್ಟಿದ್ದಾಳೆ ಎಂದೆಲ್ಲ ಹೇಳಿದ್ದಳು. ಏನೂ ತಿಳಿಯದೆ ಹೇಳುತ್ತಿದ್ದಾಳೆಂದು ನಾನು ಭಾವಿಸಿದ್ದೆ. ಹಾಳೆಯ ಕೆಳಗಿನ ಅವಳ ರುಜುವನ್ನು ನೋಡಿದೆ. ಅದರ ಗೆರೆಯಲ್ಲಿ ನಡುಕವಿಲ್ಲ. ಹದಿಮೂರು ವರ್ಷ ಕಳೆದುಕೊಂಡವಳ ರುಜು ಹಾಗಿರುವುದಿಲ್ಲ. ಖಂಡಿತವಾಗಿ ಹೇಳಲು ನನಗೆ ಸಾಕ್ಷಿ ಇಲ್ಲ. ಆದರೆ ನನ್ನ ಸುಳ್ಳು ಮರುದಿನದ ಬೆಳಗನ್ನು ದಾಟಿ ಬಾಳಲಿಲ್ಲವೆಂದೇ ನಾನು ನಂಬಿದ್ದೇನೆ. ಆ ಕಾರಣಕ್ಕೆ ದೇವರಿಗೆ ಕೃತಜ್ಞನಾಗಿದ್ದೇನೆ.

"ತಾತ, ಈ ಹಾಳೆ ಏನು ಮಾಡೋಣ?" ಎಂದಳು ಮೊಮ್ಮಗಳು.

"ಏನು ಮಾಡೋದು? ತಾಳೆ ನೋಡಿದ್ದಾಯ್ತು, ಬರೀಬೇಕು."

ಕೆಂಪು ಪೆನ್ಸಿಲ್‌ನಿಂದ ತಲೆಸಾಲಿನ ಎಂಟು ಮತ್ತು ನಾಲ್ಕರ ಸುತ್ತ ಒಂದು ಗೆರೆ ಎಳೆದೆ. "ನೋಡಿದವರು" ಎಂಬ ಚೌಕದಲ್ಲಿ ಹೀಗೆ ಬರೆದೆ: "ತಲೆಸಾಲು ತಪ್ಪು. ಲೆಕ್ಕ ಸರಿ." ರುಜು ಹಾಕಿದೆ. ಚೀಟಿಯಲ್ಲೂ ಅದೇ ಇರಲಿ ಎಂದು ಹೇಳಿದೆ. ಮೊಮ್ಮಗಳು ಚೌಕಾಸಿ ಮಾಡಿ, ಲೆಕ್ಕದಲ್ಲಿ ಒಂದೂ ತಪ್ಪಿಲ್ಲ, ತಲೆಸಾಲಿನಲ್ಲಿ ಒಂದು ಎಂದು ತಿದ್ದಲು ಒಪ್ಪಿದಳು.

ಪುಸ್ತಕಗಳು ಆ ದಿನ ಹೋಗಲಿಲ್ಲ. ನಲವತ್ತೇಳನ್ನು ಮತ್ತೆ ಮಾಡಬೇಕು, ಕೆಳಗೆ ಇನ್ನೂ ಹದಿನಾಲ್ಕಿವೆ. ಪರಿಶೀಲಕ ತಾನೇ ಲೆಕ್ಕ ಮಾಡುವಂತಿಲ್ಲ. ನಾನು ಮೊಮ್ಮಗಳ ಮುಖ ನೋಡಿದೆ.

"ಕಾಲೇಜಿಗೆ ಹೋಗೋ ಮುಂಚೆ ದಿನಾ ಬಂದು ಮಾಡ್ತೀನಿ," ಎಂದಳು ಅವಳು. "ಆದ್ರೆ ಕೈಯಲ್ಲಿ ಭಾಗಾಕಾರ ಮಾಡಿ ಎಷ್ಟು ವರ್ಷ ಆಯ್ತೋ. ನನ್ನದು ಹಿಂದಕ್ಕೆ ಬರುತ್ತೆ, ನೋಡ್ತಿರಿ."

"ಎರಡು ಮಾತ್ರ ನನಗೆ ಬಿಡಿ," ಎಂದಳು ನಾದಿನಿ. "ಹದಿಮೂರು ವರ್ಷದಿಂದ ಉತ್ತರ ಗೊತ್ತಿರೋದು ನನಗೊಬ್ಬಳಿಗೇ."

ಮುಂದಿನ ಹಾಳೆಗೆ ಗೆರೆ ಎಳೆದು ತಲೆಸಾಲು ಬರೆದೆ. ಬರೆದ ಮೇಲೆ ಹಾಳೆಯನ್ನು ಮೊಮ್ಮಗಳಿಗೆ ಕೊಡದೆ ಮೊದಲು ನಾದಿನಿಯ ಕಡೆಗೆ ಸರಿಸಿದೆ.

"ಓದಮ್ಮ," ಎಂದೆ.

ಅವಳು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ಒಂದೊಂದೇ ಅಂಕಿಯನ್ನು ಕೂಗಿ ಓದತೊಡಗಿದಳು.